ಟೀಟಿಯ ಪ್ರಾಯೋಗಿಕ ಪರೀಕ್ಷೆ

ನನ್ನ ದೊಡ್ಡಮ್ಮ ಓದಿರುವುದು ಒಂಬತ್ತನೇ ಕ್ಲಾಸಿನ ಅರ್ಧ. ಅರ್ಧ ಅಂದರೆ ಸರಿಯಾಗಿ ಅರ್ಧ. ನಡುವರ್ಷದ ಪರೀಕ್ಷೆ ಬರೆದು ಮನೆಗೆ ಬಂದಳು, ಮನೆಯಲ್ಲಿ ಅವಳಮ್ಮ ಹೆತ್ತು ಮಲಗಿದ್ದರು, ಮೈ ಸುಧಾರಿಸಿರಲಿಲ್ಲ, ಹಿರೀ ಮಗಳು ಒಂದು ತಿಂಗಳ ಮಟ್ಟಿಗೆ ಸ್ಕೂಲು ಬಿಟ್ಟು ಕೂಸನ್ನು ನೋಡಿಕೊಳ್ಳಲಿ ಅಂದರು, ಆ ತಿಂಗಳು ಮುಗಿಯಲೇ ಇಲ್ಲ. ಆ ಕೂಸು ನನ್ನ ಅಮ್ಮ. ಅಮ್ಮ ಮುಂದೆ ಓದಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಈಗ ದಿನಕ್ಕೆ ನೂರು ಜನರ ರಕ್ತ ನೋಡುತ್ತಾಳೆ. ಅಕ್ಕತಂಗಿಯರಿಗೆ ಮಾತು ಬೆಳೆದಾಗೆಲ್ಲ ದೊಡ್ಡಮ್ಮ, "ನಿನ್ನ ಅಂಡು ತೊಳೆದೂ ತೊಳೆದೂ ನನಗೆ ಬೀಜಗಣಿತ ತಪ್ಪಿಹೋಯ್ತು" ಅನ್ನುತ್ತಿದ್ದಳು, ನಾವೆಲ್ಲ ನಗುತ್ತಿದ್ದೆವು, ಅಮ್ಮನೂ ನಗುತ್ತಿದ್ದಳು, ಆಮೇಲೆ ಅವಳೊಬ್ಬಳು ಎದ್ದು ಲೋಟಗಳನ್ನು ಒಳಗಿಡಲು ಹೋಗುತ್ತಿದ್ದಳು.

ದೊಡ್ಡಮ್ಮನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಮೂವತ್ತೇಳನೇ ವಯಸ್ಸಿಗೆ ಒಂದು ಮಕ್ಕಳಮನೆಯಲ್ಲಿ ಕೆಲಸಕ್ಕೆ ಸೇರಿದಳು. ಜೆರಾಕ್ಸ್ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವಿನ ಕಟ್ಟಡದ ನೆಲಮಹಡಿ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಮೂರು ಕೋಣೆ: ತೊಟ್ಟಿಲ ಕೋಣೆ, ನಡುಕೋಣೆ, ದೊಡ್ಡವರ ಕೋಣೆ. ದೊಡ್ಡವರು ಅಂದರೆ ನಾಲ್ಕು ವರ್ಷದವರು. ನಡುಕೋಣೆಯಲ್ಲಿ ಎರಡು ವರ್ಷದ ಹದಿನಾಲ್ಕು ಮಕ್ಕಳು, ಮೊಣಕಾಲೆತ್ತರದ ಕೈತೊಳೆಯುವ ಬೇಸಿನ್ನು, ಗೋಡೆಯುದ್ದಕ್ಕೂ ಬ್ಯಾಗಿನ ಕೊಕ್ಕೆಗಳು. ಓದಲು ಬಾರದವರಿಗೆ ಹೆಸರು ಬರೆದು ಏನು ಪ್ರಯೋಜನ ಅಂತ ಒಂದೊಂದು ಕೊಕ್ಕೆಯ ಮೇಲೆ ಒಂದೊಂದು ಚಿತ್ರ: ಮೀನು, ಕೊಡೆ, ಎಲೆ, ಚಮಚ. ಆ ಕೋಣೆ ಹತ್ತೊಂಬತ್ತು ವರ್ಷದಿಂದ ದೊಡ್ಡಮ್ಮನದು. ಟೀಚರ್ ಅನ್ನಲು ನಾಲಿಗೆ ಹೊರಳದ ಯಾವುದೋ ಮಗು ಮೊದಲ ವರ್ಷವೇ ಟೀಟಿ ಅಂದಿತು, ಅಲ್ಲಿಂದ ಮಕ್ಕಳಿಗೂ, ತಾಯಂದಿರಿಗೂ, ನಡೆಸುವ ಮೇಡಂಗೂ ಅವಳು ಟೀಟಿಯೇ.

ಅವಳು ಮಗುವನ್ನು ಬಾಗಿಲಲ್ಲಿ ಇಸಿದುಕೊಳ್ಳುವುದನ್ನು ನೀವು ನೋಡಬೇಕು. ಬೇರೆಯವರು ಅಮ್ಮನ ಸೊಂಟದಿಂದ ಮಗುವನ್ನು ಕಿತ್ತುಕೊಳ್ಳುತ್ತಾರೆ, ಅದು ಬಾಯಿ ಬಿಡುತ್ತದೆ, ಅಮ್ಮ ಅಳುಮುಖ ಮಾಡಿಕೊಂಡು ಬಸ್ಸಿಗೆ ಓಡುತ್ತಾಳೆ. ದೊಡ್ಡಮ್ಮ ಎರಡು ಕೈ ಮುಂದೆ ಚಾಚಿ ಸುಮ್ಮನೆ ನಿಲ್ಲುತ್ತಾಳೆ. ಮಗು ತಾನಾಗಿ ಅವಳ ಕಡೆ ವಾಲಬೇಕು. ಒಂದು ನಿಮಿಷ, ಎರಡು ನಿಮಿಷ, ಆಫೀಸಿಗೆ ಹೊತ್ತಾದ ಅಪ್ಪಂದಿರು ವಾಚು ನೋಡಿಕೊಳ್ಳುತ್ತಾರೆ, ಇವಳು ಜಗ್ಗುವುದಿಲ್ಲ. ಕೊನೆಗೆ ವಾಲುತ್ತದೆ. ಹಾಗೆ ವಾಲಿ ಬಂದ ಮಗು ಅಳುವುದು ಕಡಿಮೆ.

ಎರಡು ವರ್ಷದ ಹಿಂದೆ ಒಂದು ದಿನ ಮಕ್ಕಳೆಲ್ಲ ಹೋದ ಮೇಲೆ ಮೇಡಂ ಅವಳನ್ನು ತಮ್ಮ ಪುಟ್ಟ ಆಫೀಸಿಗೆ ಕರೆದರು.

"ಕೂತ್ಕೊಳ್ಳಿ ಟೀಟಿ."

"ಕೂತ್ರೆ ಏಳೋಕೆ ಹೊತ್ತಾಗತ್ತೆ. ಹೇಳಿ ಮೇಡಂ."

"ಹೊಸ ರೂಲು ಬಂದಿದೆ. ಕೋಣೆಗೆ ಒಬ್ಬರು ಹೊಣೆಗಾರರು ಅಂತ ಇರ್ಬೇಕು. ಅವರು ಹತ್ತನೇ ಕ್ಲಾಸು ಪಾಸಾಗಿರ್ಬೇಕು, ಅದರ ಮೇಲೆ ಶಿಶು ಶಿಕ್ಷಣದ ಒಂದು ವರ್ಷದ ಸರ್ಟಿಫಿಕೇಟು ಇರ್ಬೇಕು. ಇರೋರಿಗೆ ಎರಡು ವರ್ಷ ಟೈಮ್ ಕೊಟ್ಟಿದಾರೆ. ಆಮೇಲಿನ ಜೂನಿಗೆ ಪಟ್ಟಿ ಕಳಿಸ್ಬೇಕು."

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಅಯ್ಯೋ, ನಿಮ್ಮ ಮಾತಲ್ಲ ಇದು. ಯಾವ್ದೋ ಊರಲ್ಲಿ ಏನೂ ತಿಳೀದ ಹುಡುಗಿ ಕೈಗೆ ಹದಿನೆಂಟು ಮಕ್ಕಳನ್ನ ಕೊಟ್ಟು ಎಲ್ಲರೂ ಹೊರಟುಹೋಗಿದ್ರಂತೆ, ಒಂದು ಮಗು ಬಕೆಟ್ಟಿಗೆ ಬಿತ್ತಂತೆ. ರೂಲು ಸುಮ್ನೆ ಬಂದಿಲ್ಲ."

ಬಕೆಟ್ಟು ಅಂದ ಕೂಡಲೇ ದೊಡ್ಡಮ್ಮ ಕೂತುಬಿಟ್ಟಳಂತೆ. "ಮಗು?" ಅಂದಳು.

"ಉಳೀತು."

"ಸರ್ಟಿಫಿಕೇಟು ಇಲ್ಲದಿದ್ರೆ?"

"ಸಹಾಯಕಿ ಅಂತ ಇರಬಹುದು. ಸಂಬಳ ಇಷ್ಟೇ ಕೊಡ್ತೀನಿ, ಅದರ ಯೋಚನೆ ಬಿಡಿ. ಆದ್ರೆ ಸಹಾಯಕಿ ಬಾಗಿಲಲ್ಲಿ ಮಗುನ ಇಸ್ಕೊಳ್ಳೋ ಹಾಗಿಲ್ಲ. ಮಕ್ಕಳ ಜೊತೆ ಒಬ್ಬಳೇ ಇರೋ ಹಾಗೂ ಇಲ್ಲ. ಒಂದು ನಿಮಿಷಾನೂ."

ಐವತ್ತನಾಲ್ಕು ವರ್ಷದ ಹೆಂಗಸು, ಹದಿನೇಳು ವರ್ಷ ಎರಡೆರಡು ವರ್ಷದ ಹದಿನಾಲ್ಕು ಜನರ ಜೊತೆ ಒಬ್ಬಳೇ ಇದ್ದವಳು, ಆ ಸಂಜೆ ಮನೆಗೆ ಬಂದು ಏಪ್ರನ್ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ದೊಡ್ಡಪ್ಪ ಲಿಫ್ಟ್ ಮೆಕ್ಯಾನಿಕ್, ಏನೇ ಕಷ್ಟ ಬಂದರೂ ಅದನ್ನು ಲಿಫ್ಟಿಗೆ ಹಚ್ಚಿ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. "ಐವತ್ತು ವರ್ಷದಿಂದ ಒಂಬತ್ತನೇ ಮಹಡೀಲಿ ಸಿಕ್ಕಾಕ್ಕೊಂಡಿರೋ ಲಿಫ್ಟು ಕಣೇ ನೀನು. ಇನ್ನೊಂದೇ ಮಹಡಿ. ಗ್ರೀಸ್ ಹಚ್ಚಿದ್ರೆ ಹತ್ತತ್ತೆ."

"ಐವತ್ತಲ್ಲ, ನಲವತ್ತು. ಸುಮ್ನಿರ್ತೀರಾ ಸ್ವಲ್ಪ."

ಅಮ್ಮನಿಗೆ ಸುದ್ದಿ ಮುಟ್ಟಿದ್ದೇ ತಡ, ಮರುದಿನವೇ ಹತ್ತನೇ ಕ್ಲಾಸಿನ ಆರು ಪುಸ್ತಕ ಹೊತ್ತುಕೊಂಡು ಬಂದಳು. ಆ ವರ್ಷವೆಲ್ಲ ಲ್ಯಾಬಿನಿಂದ ನೇರ ಅಕ್ಕನ ಮನೆಗೆ. ಅಷ್ಟು ಹಠ ಹಿಡಿದು ಅಮ್ಮ ನನಗೂ ಪಾಠ ಹೇಳಿಕೊಟ್ಟಿದ್ದಿಲ್ಲ. ತಂಗಿ ಮೇಷ್ಟ್ರು, ಅಕ್ಕ ವಿದ್ಯಾರ್ಥಿ, ಇಬ್ಬರಿಗೂ ಮುಖದಲ್ಲಿ ಬೆವರು.

"ಎಕ್ಸ್ ಅಂದ್ರೆ ಗೊತ್ತಿಲ್ಲದ ಸಂಖ್ಯೆ ಅಕ್ಕ."

"ಗೊತ್ತಿಲ್ಲ ಅಂದ್ಮೇಲೆ ಬಿಟ್ಟುಬಿಡೋದಪ್ಪ. ಅವನ ಹಿಂದೆ ಯಾಕೆ ಬಿದ್ದಿದಾರೆ ಇವರು?"

"ಲೆಕ್ಕ ಮಾಡು."

"ಏಳು."

"ಹೇಗೆ ಬಂತು?"

"ಹೇಗೆ ಬಂತೋ. ಎಕ್ಸ್ ಯಾರು ಅಂತ ನನಗೆ ಈಗ್ಲೂ ಗೊತ್ತಿಲ್ಲ, ಆದ್ರೆ ಅವನ ಬೆಲೆ ಏಳು."

ಪರೀಕ್ಷೆಯ ಹಾಲಿನಲ್ಲಿ ಹದಿನಾರರ ಹುಡುಗಿಯರ ನಡುವೆ ಕೂತು ಬರೆದಳು. ಗಣಿತದಲ್ಲಿ ಪಾಸಾಗಲು ಬೇಕಾದ್ದಕ್ಕಿಂತ ಒಂದೇ ಒಂದು ಅಂಕ ಹೆಚ್ಚಿಗೆ ಬಂತು. ದೊಡ್ಡಪ್ಪ ಆ ಒಂದು ಅಂಕಕ್ಕೆ ಬೀದಿಗೆಲ್ಲ ಬಿಸ್ಕತ್ತು ಹಂಚಿದರು.

ಎರಡನೇ ವರ್ಷ ಸರ್ಟಿಫಿಕೇಟಿನ ಓದು. ಶನಿವಾರ ಕ್ಲಾಸು, ಉಳಿದ ದಿನ ನಡುಕೋಣೆಯಲ್ಲೇ ಅಭ್ಯಾಸ. ಆದರೆ ಅಭ್ಯಾಸದ ಹಾಳೆಗೆ ಸರ್ಟಿಫಿಕೇಟು ಇದ್ದವರೊಬ್ಬರು ದಿನಾ ಸೈನ್ ಹಾಕಬೇಕು. ಮಕ್ಕಳಮನೆಯಲ್ಲಿ ಹಾಗೆ ಇದ್ದದ್ದು ದೊಡ್ಡವರ ಕೋಣೆಗೆ ಹೊಸದಾಗಿ ಬಂದಿದ್ದ ಇಪ್ಪತ್ಮೂರರ ಹುಡುಗಿ, ಎಲ್ಲರೂ ಹೊಸ ಟೀಚರ್ ಅನ್ನುತ್ತಿದ್ದರು. ಅವಳಿಗೆ ನಾಚಿಕೆಯಿಂದ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ.

"ನಿಮಗೆ ನಾನು ಸೈನ್ ಹಾಕೋದು ಅಂದ್ರೆ ಟೀಟಿ..."

"ಹಾಕು ಮರಿ. ಪೋಸ್ಟಿನೋನು ರಿಜಿಸ್ಟರ್ ತಂದಾಗ ನಾನೂ ಹಾಕ್ತೀನಿ, ಕಾಗದ ನಾನೇ ಬರೆದಿರ್ತೀನಾ?"

ನನಗೆ ಖುಷಿಯಾಗಿದ್ದು ಏನು ಅಂದರೆ, ದೊಡ್ಡಮ್ಮನಿಗೆ ಆ ಪುಸ್ತಕ ಇಷ್ಟವಾಗಿಬಿಟ್ಟಿತು. ಬಿಟ್ಟುಹೋಗುವ ಅಮ್ಮನನ್ನು ಕಂಡು ಮಗು ಅಳುವುದಕ್ಕೆ ಬೇರ್ಪಡುವ ಆತಂಕ ಅಂತ ಹೆಸರು. ಒಂದೇ ಪಾತ್ರೆಯನ್ನು ಇಪ್ಪತ್ತು ಸಲ ಬೀಳಿಸಿ ಎತ್ತುವುದಕ್ಕೂ ಒಂದು ಹೆಸರು. "ನಾನು ನೋಡಿದ್ದಕ್ಕೆಲ್ಲ ಹೆಸರಿದೆಯಂತೆ ಕಣೇ" ಅಂತ ನನಗೆ ಫೋನು ಮಾಡಿ ಹೇಳುತ್ತಿದ್ದಳು, ಊರಿಂದೂರಿಗೆ ಹೋದಾಗ ನೆಂಟರು ಸಿಕ್ಕ ಹಾಗೆ. ಒಂದು ಸಲ ಮಾತ್ರ ಫೋನು ಬರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿಯುವ ಮಗುವಿನ ಕೈ ಬದಲಿಸಬಾರದು ಅಂತ ಆ ವಾರದ ಪಾಠದಲ್ಲಿತ್ತು. ದೊಡ್ಡಮ್ಮ ಹತ್ತೊಂಬತ್ತು ವರ್ಷ ಪ್ರೀತಿಯಿಂದಲೇ ಬದಲಿಸಿದ್ದಳು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಯಾರ್‍ಯಾರ ಕೈ ಬದಲಿಸಿದೆ ಅಂತ ನೆನೆಸಿಕೊಂಡು, "ಆ ಡ್ರೈವರ್ ಮಗ, ಆ ಜೋಡಿ ಹುಡುಗೀರಲ್ಲಿ ಚಿಕ್ಕೋಳು, ಆ ಗುಂಗುರುಕೂದಲಿನೋನು" ಅಂತ ಬೆರಳು ಮಡಿಸುತ್ತ ಕೂತಿದ್ದಳು. "ಓದದೇ ಇದ್ದದ್ದು ತಪ್ಪೇ. ರೂಲು ಸರಿಯಾಗೇ ಇದೆ" ಅಂದಳು. ಆಮೇಲಿಂದ ಇನ್ನೂ ಜೋರಾಗಿ ಓದಿದಳು. ಈಗ ಅವಳಿಗೆ ಕೋಣೆ ಉಳಿಸಿಕೊಳ್ಳುವುದರ ಜೊತೆಗೆ ಆ ಕಾಗದವೂ ಬೇಕಿತ್ತು, ನಿಜವಾಗಿ ಬೇಕಿತ್ತು.

ಆ ಹೊತ್ತಿಗೆ ನಡುಕೋಣೆಗೆ ಬ್ಯಾಗಮ್ಮ ಬಂದಳು. ಎರಡು ವರ್ಷ ಎರಡು ತಿಂಗಳಿನ ಹುಡುಗಿ. ಬೆಳಿಗ್ಗೆ ಬಂದಾಗ ಬೆನ್ನಿಗಿದ್ದ ಬ್ಯಾಗು ಸಂಜೆ ಹೋಗುವವರೆಗೂ ಬೆನ್ನಿಗೇ. ಬ್ಯಾಗಿನ ಸಮೇತ ತಿನ್ನುತ್ತಾಳೆ, ಬ್ಯಾಗಿನ ಸಮೇತ ಬಾಗಿಲ ಪಕ್ಕ ಕೂರುತ್ತಾಳೆ, ಮಲಗುವುದಿಲ್ಲ. ಈಗಲೇ ಹೊರಡುವವಳು ಬ್ಯಾಗು ಯಾಕೆ ಇಳಿಸಬೇಕು ಅನ್ನುವ ಹಾಗೆ. ಹೊಸ ಟೀಚರ್ ತೆಗೆಯಲು ನೋಡಿದಳು, ಮೇಡಂ ನೋಡಿದರು, ಹುಡುಗಿ ಕಿರುಚಿ ನೀಲಿಯಾದಳು. ದೊಡ್ಡಮ್ಮ ಎಲ್ಲರಿಗೂ ಬೈದು ಬಿಡಿಸಿದಳು. "ಅದರ ಬ್ಯಾಗು, ಅದರ ಬೆನ್ನು. ಇಲ್ಲೇ ಇರ್ತೀನಿ ಅಂತ ಅದಕ್ಕೆ ಅನ್ನಿಸಿದ ದಿನ ಅದೇ ಇಳಿಸತ್ತೆ." ಒಂದು ವಾರವಾಯಿತು, ಮೂರು ವಾರವಾಯಿತು, ಆರು ವಾರವಾಯಿತು. ಇಳಿಸಲಿಲ್ಲ.

ಏಪ್ರಿಲಿನಲ್ಲಿ ಲಿಖಿತ ಪರೀಕ್ಷೆ ಚೆನ್ನಾಗಿಯೇ ಆಯಿತು. ಉಳಿದದ್ದು ಪ್ರಾಯೋಗಿಕ. ಪರೀಕ್ಷಕಿ ಮಕ್ಕಳಮನೆಗೇ ಬಂದು ಮೂವತ್ತು ನಿಮಿಷ ಕೂತು ನೋಡುತ್ತಾರೆ. ಆರು ಮಕ್ಕಳು, ಒಂದು ಚಟುವಟಿಕೆ, ಮೊದಲೇ ಬರೆದು ಕೊಟ್ಟ ಯೋಜನೆಯ ಪ್ರಕಾರ. ದೊಡ್ಡಮ್ಮ ಬಣ್ಣದ ಬಳೆಗಳನ್ನು ಮೂರು ತಟ್ಟೆಗೆ ವಿಂಗಡಿಸುವ ಆಟ ಆರಿಸಿಕೊಂಡಳು. ಯೋಜನೆಯನ್ನು ಹನ್ನೊಂದು ಸಲ ಬರೆದು ಹರಿದು ಹನ್ನೆರಡನೆಯದನ್ನು ಕೊಟ್ಟಳು. ಅವತ್ತು ನಡೆದದ್ದನ್ನು ನನಗೆ ಹೇಳಿದ್ದು ಹೊಸ ಟೀಚರ್. ಅವಳು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು, ಉಳಿದ ಮಕ್ಕಳನ್ನು ಮೇಡಂ ಹಿತ್ತಲಿಗೆ ಕರೆದೊಯ್ದಿದ್ದರು. ಬ್ಯಾಗಮ್ಮ ಮಾತ್ರ ಬಾಗಿಲು ಬಿಟ್ಟು ಕದಲಿರಲಿಲ್ಲ.

ಹನ್ನೊಂದು ಗಂಟೆಗೆ ಶುರುವಾಯಿತು. ಪರೀಕ್ಷಕಿ ಕನ್ನಡಕಕ್ಕೆ ಸರ ಹಾಕಿಕೊಂಡಿದ್ದ ಹೆಂಗಸು, ಕೋಣೆಯಲ್ಲಿದ್ದ ಒಂದೇ ದೊಡ್ಡ ಕುರ್ಚಿಯಲ್ಲಿ ಕೂತು, ಅದು ಕಿರ್ ಅಂದಾಗೆಲ್ಲ ತಾವೇ ಮುಜುಗರಪಡುತ್ತಿದ್ದರು. ಆಟ ಚೆನ್ನಾಗಿ ನಡೆಯುತ್ತಿತ್ತು. ಒಂಬತ್ತನೇ ನಿಮಿಷಕ್ಕೆ ಬ್ಯಾಗಮ್ಮ ಎದ್ದಳು. ನಡೆದು ಬಂದು ದೊಡ್ಡಮ್ಮನ ಬೆನ್ನ ಹಿಂದೆ ನಿಂತಳು. ಒಂದು ತೋಳು ಬಿಡಿಸಿಕೊಂಡಳು, ಇನ್ನೊಂದು ತೋಳು ಬಿಡಿಸಿಕೊಂಡಳು, ಬ್ಯಾಗನ್ನು ತಂದು ಹಳದಿ ಬಳೆಗಳ ತಟ್ಟೆಯ ಮೇಲೆ ಇಟ್ಟಳು. ಆಮೇಲೆ ದೊಡ್ಡಮ್ಮನ ತೊಡೆ ಹತ್ತಿ, ಎದೆಗೆ ತಲೆ ಆನಿಸಿ, ಕಣ್ಣು ಮುಚ್ಚಿದಳು. ಆರು ವಾರದ ನಿದ್ದೆ, ಎರಡು ನಿಮಿಷದಲ್ಲಿ ಬಂದುಬಿಟ್ಟಿತು.

ದೊಡ್ಡಮ್ಮನ ದನಿ ಇಳಿಯಿತು, ಇನ್ನೂ ಇಳಿಯಿತು, ನಿಂತಿತು. ಆರೂ ಮಕ್ಕಳು ಬಳೆ ಕೆಳಗಿಟ್ಟು ತುದಿಗಾಲಲ್ಲಿ ಮೂಲೆಯ ಚಾಪೆಗೆ ಹೋದರು, ಟೀಟಿಯ ತೊಡೆಯ ಮೇಲೆ ಯಾರಾದರೂ ಮಲಗಿದರೆ ಹಾಗೆ ಹೋಗಬೇಕು ಅಂತ ಅವರಿಗೆ ಗೊತ್ತು. ಒಬ್ಬಳು ಹೋಗುವಾಗ ಪರೀಕ್ಷಕಿಯ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು ಎಚ್ಚರಿಸಿದಳು.

"ಮುಂದುವರಿಸಿ" ಅಂತ ಪರೀಕ್ಷಕಿ ಪಿಸುಗುಟ್ಟಿದರು.

"ಎದ್ದ ಮೇಲೆ ಮಾಡೋಣ" ಅಂತ ದೊಡ್ಡಮ್ಮ ಪಿಸುಗುಟ್ಟಿದಳು.

ಪರೀಕ್ಷಕಿ ಒಂದು ಕ್ಷಣ ಅವಳನ್ನು ನೋಡಿ ತಲೆಯಾಡಿಸಿದರು. ಹೊಸ ಟೀಚರ್ ಮೆಲ್ಲಗೆ ಬಂದು ಕೈ ಚಾಚಿ, "ನನಗೆ ಕೊಡಿ ಟೀಟಿ, ನಾನು ಎತ್ಕೋತೀನಿ, ನೀವು ಆಟ ಮುಗಿಸಿ" ಅಂದಳು. ದೊಡ್ಡಮ್ಮ ಬೇಡ ಅಂತ ಕಣ್ಣಲ್ಲೇ ಹೇಳಿದಳು. ಹನ್ನೊಂದೂವರೆಗೆ ಪರೀಕ್ಷಕಿ ಏನೋ ಬರೆದು, ಕಾಗದ ಜೋಡಿಸಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಸದ್ದಾಗದ ಹಾಗೆ ಹೊರಗೆ ಹೋದರು.

ಟೀಟಿ ಗೊತ್ತಿದ್ದೂ ಪರೀಕ್ಷೆ ಬಿಟ್ಟುಕೊಟ್ಟರು ಅಂತ ಹೊಸ ಟೀಚರ್ ಅಂದುಕೊಂಡಳು. ಅದನ್ನು ಬಾಯಿಬಿಟ್ಟು ಹೇಳದೆ ಮತ್ತೆ ಗೋಡೆಗೆ ಒರಗಿದಳು. ಹೇಳಿದ್ದರೆ ಚೆನ್ನಾಗಿತ್ತು. ದೊಡ್ಡಮ್ಮನಿಗೆ ಏನೂ ಗೊತ್ತಿರಲಿಲ್ಲ. ಮಗು ಮಲಗಿದರೆ ಎಲ್ಲವೂ ಕಾಯುವುದು ಆ ಕೋಣೆಯ ಪದ್ಧತಿ. ಗೋಡೆಗೆ ಬಣ್ಣ ಬಳಿಯಲು ಬಂದವನು ಕಾದಿದ್ದಾನೆ, ಹಲ್ಲು ನೋಡಲು ಬಂದ ಡಾಕ್ಟರು ಒಂದು ಗಂಟೆ ಕಾದಿದ್ದಾರೆ, ಬೆಂಕಿ ಆರಿಸುವ ಸಿಲಿಂಡರ್ ತಪಾಸಣೆಯವರು ಕಾದೂ ಕಾದೂ ತಾವೇ ನಿದ್ದೆ ಹೋಗಿದ್ದಾರೆ. ಇಂಥದ್ದನ್ನೇ ಓದಿ ಪಾಸಾದ ಪರೀಕ್ಷಕಿ ಕಾಯದೆ ಇರುತ್ತಾರೆಯೇ? ಚಪ್ಪಲಿ ಕೈಯಲ್ಲಿ ಹಿಡಿದು ಹೋದ ಹೆಂಗಸು ಊಟ ಮಾಡಿಕೊಂಡು ಬರುತ್ತಾರೆ ಅಂತಲೇ ಅವಳ ಲೆಕ್ಕ.

ಮಗು ಎದ್ದದ್ದು ಹನ್ನೆರಡೂ ನಲವತ್ತಕ್ಕೆ. ದೊಡ್ಡಮ್ಮ ದಿನಚರಿ ಪುಸ್ತಕದಲ್ಲಿ ಆ ಹೊತ್ತು ಬರೆದಳು, ಆರು ಮಕ್ಕಳ ಮುಖ ತೊಳೆಸಿ ತಲೆ ಬಾಚಿದಳು, ಮೂರು ತಟ್ಟೆ ಮತ್ತೆ ಜೋಡಿಸಿದಳು. ಎರಡು ಗಂಟೆಯಾಯಿತು, ಮೂರಾಯಿತು. ಮಕ್ಕಳು ಬಳೆಗಳನ್ನು ಮೂಗಿಗೆ ಸಿಕ್ಕಿಸಿಕೊಂಡು ಆಡತೊಡಗಿದರು. ನಾಲ್ಕಕ್ಕೆ ಆಫೀಸಿನ ಬಾಗಿಲಲ್ಲಿ ನಿಂತು, "ಮೇಡಂ, ಅವರು ಊಟಕ್ಕೆ ಎಲ್ಲಿಗೆ ಹೋದ್ರು?" ಅಂದಳು.

"ಯಾರು?"

"ಪರೀಕ್ಷೆಯೋರು."

"ಅವರು ಆಗ್ಲೇ ಹೊರಟುಹೋದ್ರಲ್ಲ ಟೀಟಿ. ಮಧ್ಯಾಹ್ನ ಇನ್ನೊಂದು ಕಡೆ ಇತ್ತಂತೆ."

"ಹಾಗಾದ್ರೆ ಇನ್ನೊಂದು ದಿನ ಬರ್ತಾರೆ. ಮಗು ಮಲಗಿತ್ತಲ್ಲ."

ಮನೆಗೆ ಬಂದು ನಮಗೂ ಹಾಗೇ ಹೇಳಿದಳು, ಪರೀಕ್ಷೆ ಮುಂದಕ್ಕೆ ಹೋಯಿತು, ಅದಕ್ಕಿಂತ ದೊಡ್ಡ ಸುದ್ದಿ ಅಂದರೆ ಬ್ಯಾಗಮ್ಮ ಬ್ಯಾಗು ಇಳಿಸಿದಳು. ಅಮ್ಮ ಕುಡಿಯುತ್ತಿದ್ದ ಚಹಾ ಕೆಳಗಿಟ್ಟಳು. "ಮುಂದಕ್ಕೆ ಹೋಯ್ತು ಅಂತ ಯಾರು ಹೇಳಿದ್ರು ಅಕ್ಕ?"

"ಹೇಳೋದೇನು ಬಂತು?"

ಮೂರು ವಾರಕ್ಕೆ ಫಲಿತಾಂಶ ಬಂತು. ಲಿಖಿತ ಎಪ್ಪತ್ತೊಂದು, ಉತ್ತೀರ್ಣ. ಪ್ರಾಯೋಗಿಕ, ಅನುತ್ತೀರ್ಣ. ಕೆಳಗೆ ಒಂದು ಸಾಲು: ಚಟುವಟಿಕೆ ಹನ್ನೊಂದನೇ ನಿಮಿಷಕ್ಕೆ ನಿಂತಿತು. ಮುಂದಿನ ಪ್ರಾಯೋಗಿಕ ನವೆಂಬರಿಗೆ. ಜೂನ್ ಒಂದಕ್ಕೆ ಇನ್ನು ಹದಿನೆಂಟು ದಿನ.

ದೊಡ್ಡಮ್ಮ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. "ಮಗು ಮಲಗಿತ್ತು ಅಂತ ಬರೆದಿಲ್ವಲ್ಲ ಇದರಲ್ಲಿ" ಅಂದಳು. ಅಷ್ಟೇ. ಪಾತ್ರೆ ತೊಳೆಯಲು ಎದ್ದುಹೋದಳು. ಕಾಯಿಲೆಯವರ ಮನೆಯ ಹಾಗೆ ಆ ಮನೆಯಲ್ಲಿ ಎರಡು ದಿನ ಎಲ್ಲರೂ ಮೆಲ್ಲಗೆ ಮಾತಾಡಿದೆವು.

ಅಮ್ಮ ಸುಮ್ಮನೆ ಕೂರುವವಳಲ್ಲ. ಪರೀಕ್ಷೆಯ ನಿಯಮದ ಪುಸ್ತಕ ಹುಡುಕಿ ಮೊದಲಿಂದ ಕೊನೆಯವರೆಗೆ ಓದಿದಳು, ಹನ್ನೊಂದನೇ ನಿಯಮ ಸಿಕ್ಕಿತು. ಪ್ರಾಯೋಗಿಕದ ವೇಳೆ ಕೋಣೆಯ ಮಗು ಅಸ್ವಸ್ಥಗೊಂಡರೆ, ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಮರುಪರೀಕ್ಷೆ. ಅಭ್ಯರ್ಥಿಯ ಸೈನ್ ಮತ್ತು ಮುಖ್ಯಸ್ಥರ ಸೈನ್ ಇರುವ ಒಂದು ಕಾಗದ ಸಾಕು. ಅಮ್ಮ ಕಾಗದ ಟೈಪ್ ಮಾಡಿಸಿದಳು. ಮಗುವಿಗೆ ಜ್ವರ ಬಂದು ಶಿಕ್ಷಕಿ ಅದನ್ನು ಎತ್ತಿಕೊಳ್ಳಬೇಕಾಯಿತು ಅಂತ ಇತ್ತು ಅದರಲ್ಲಿ. ಮೇಡಂ ಯೋಚಿಸಿ, ಕಿಟಕಿಯ ಕಡೆ ನೋಡಿ, ಸೈನ್ ಹಾಕಿದರು. ಅಮ್ಮ ಅದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಳು.

ದೊಡ್ಡಮ್ಮ ಓದಿದಳು. "ಜ್ವರ ಇರ್ಲಿಲ್ಲ."

"ಗೊತ್ತು ಅಕ್ಕ."

"ಕುತ್ತಿಗೆ ಹಿಂದೆ ಮುಟ್ಟಿ ನೋಡಿದ್ದೀನಿ. ತಣ್ಣಗಿತ್ತು."

ದೊಡ್ಡಪ್ಪ ವಾತಾವರಣ ತಿಳಿ ಮಾಡಲು ಹೊರಟರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಇಲ್ಲಿ ಎತ್ತಿಗೆ ಜ್ವರಾನೂ ಇಲ್ಲ, ಎಮ್ಮೆಗೆ ಬರೆ ಮಾತ್ರ ಬಿತ್ತು." ಯಾರೂ ನಗಲಿಲ್ಲ. ಎಮ್ಮೆ ಅಂದದ್ದು ಯಾರನ್ನು ಅಂತ ಕೂಡ ದೊಡ್ಡಮ್ಮ ಕೇಳಲಿಲ್ಲ, ಅಷ್ಟು ಗಂಭೀರ.

"ಒಂದು ಸೈನ್ ಅಕ್ಕ. ಆ ಮಗುಗೆ ಏನು ನಷ್ಟ? ಅದಕ್ಕೆ ಓದೋಕೂ ಬರಲ್ಲ."

"ನಿನ್ನ ಲ್ಯಾಬಲ್ಲಿ ಇಲ್ಲದ ಕಾಯಿಲೇನ ರಿಪೋರ್ಟಲ್ಲಿ ಬರೀತೀಯಾ?"

"ಅದು ಬೇರೆ."

"ಹೇಗೆ ಬೇರೆ? ಅವತ್ತು ಸಂಜೆ ಅವರಮ್ಮನಿಗೆ ಬಾಗಿಲಲ್ಲಿ ಹೇಳ್ದೆ, ನಿಮ್ಮ ಮಗಳು ಬ್ಯಾಗು ಇಳಿಸಿ ಮಲಗಿದ್ಲು ಅಂತ. ಆಕೆ ಅಲ್ಲೇ ಚಪ್ಪಲಿ ಸ್ಟ್ಯಾಂಡ್ ಪಕ್ಕ ನೆಲದ ಮೇಲೆ ಕೂತುಬಿಟ್ಲು ಕಣೇ. ಬಂದಾಗಿಂದ ಆ ಮಗು ಚೆನ್ನಾಗಿದ್ದ ದಿನ ಅಂತ ಇದ್ದಿದ್ದು ಅದೊಂದೇ. ಅದನ್ನ ಕಾಯಿಲೆ ಅಂತ ಬರೀಲಾ?"

"ಹಾಗಾದ್ರೆ ಕೋಣೆ ಬಿಟ್ಟುಕೊಡು" ಅಂದಳು ಅಮ್ಮ. ಪೆನ್ನಿಗೆ ಮುಚ್ಚಳ ಹಾಕಿದಳು. "ಒಂದು ಸಲ ನನ್ನಿಂದ ನಿನ್ನ ಓದು ಹೋಯ್ತು. ಈಗ ಯಾರದೋ ಮಗುವಿಂದ ಇನ್ನೊಂದು ಸಲ. ನಾನು ನೋಡ್ತಾ ಕೂರ್ಬೇಕು, ಅಲ್ವಾ?"

"ನಿನ್ನಿಂದ ಹೋಯ್ತು ಅಂತ ಯಾರು ಹೇಳಿದ್ದು?"

"ನೀನೇ. ನಲವತ್ತು ವರ್ಷದಿಂದ."

ಗ್ಯಾಸಿನ ಮೇಲಿದ್ದ ಹಾಲು ಉಕ್ಕಿತು, ಯಾರೂ ಏಳಲಿಲ್ಲ, ಕೊನೆಗೆ ದೊಡ್ಡಪ್ಪ ಹೋಗಿ ಆರಿಸಿದರು.

"ತಮಾಷೆಗೆ ಅಂತಿದ್ದೆ ಪುಟ್ಟಿ" ಅಂದಳು ದೊಡ್ಡಮ್ಮ.

"ನನಗೆ ಯಾವತ್ತೂ ತಮಾಷೆ ಅನ್ನಿಸಿಲ್ಲ ಅಕ್ಕ."

ದೊಡ್ಡಮ್ಮ ತಂಗಿಯ ಮುಖವನ್ನು ತುಂಬ ಹೊತ್ತು ನೋಡಿದಳು. ಹದಿನಾಲ್ಕನೇ ವಯಸ್ಸಿನಲ್ಲಿ ಎತ್ತಿಕೊಂಡ ಮುಖ. ಎಷ್ಟೋ ಮಕ್ಕಳು ಬಾಯಿ ಬಿಡುವ ಮೊದಲೇ ಎಲ್ಲಿ ನೋವು ಅಂತ ತಿಳಿಯುವವಳು, ಈ ಒಂದನ್ನು ಮಾತ್ರ ನೋಡಿರಲಿಲ್ಲ. "ನೋಡ್ಲೇ ಇಲ್ಲ ನಾನು" ಅಂದಳು, ಯಾರಿಗೂ ಅಲ್ಲ ಅನ್ನುವ ಹಾಗೆ. ಆಮೇಲೆ ಕಾಗದವನ್ನು ಮಡಿಸಿ ಅಮ್ಮನ ಕೈಗೆ ಕೊಟ್ಟಳು. "ಇನ್ನು ಅನ್ನಲ್ಲ ಆ ಮಾತು. ಆದ್ರೆ ಇದಕ್ಕೆ ಸೈನ್ ಹಾಕಲ್ಲ." ಕಡ್ಡಿ ಮುರಿದ ಹಾಗೆ ಹೇಳಿದಳು. ಅಮ್ಮ ಆ ವಾರ ಅಕ್ಕನ ಮನೆಗೆ ಹೋಗಲಿಲ್ಲ.

ಜೂನ್ ಒಂದಕ್ಕೆ ಪಟ್ಟಿ ಹೋಯಿತು. ನಡುಕೋಣೆಯ ಹೊಣೆಗಾರ್ತಿ ಹೊಸ ಟೀಚರ್. ದೊಡ್ಡವರ ಕೋಣೆಗೆ ಸರ್ಟಿಫಿಕೇಟು ಇದ್ದ ಇನ್ನೊಬ್ಬರನ್ನು ಮೇಡಂ ಹುಡುಕಿ ತಂದರು. ದೊಡ್ಡಮ್ಮ ಸಹಾಯಕಿ. ನನಗೆ ಕಾಲೇಜಿಗೆ ರಜೆ ಇತ್ತು, ಆಟಿಕೆ ತೊಳೆದು ಒಣಗಿಸುವ ನೆಪದಲ್ಲಿ ಆ ವಾರ ನಾನೂ ಅಲ್ಲಿದ್ದೆ. ಹೊರಗಿನವಳಾದ್ದರಿಂದ ರೂಲಿನ ಲೆಕ್ಕಕ್ಕೆ ನಾನು ಇರಲಿಲ್ಲ.

ಬಾಗಿಲಲ್ಲಿ ಈಗ ಹೊಸ ಟೀಚರ್ ನಿಲ್ಲುತ್ತಾಳೆ. ಟೀಟಿಯ ಹಾಗೆ ಕೈ ಚಾಚಿ ಕಾಯುವುದನ್ನು ಕಲಿತಿದ್ದಾಳೆ. ಮಕ್ಕಳು ಅವಳ ಭುಜದ ಮೇಲಿಂದ ಒಳಗೆ ಇಣುಕಿ, ಚಾಪೆಯ ಮೇಲಿರುವ ದೊಡ್ಡಮ್ಮನನ್ನು ನೋಡಿ ಅತ್ತ ವಾಲುತ್ತಾರೆ. ದೊಡ್ಡಮ್ಮ ಏಳುವುದಿಲ್ಲ, ಮುಖ ಬೇರೆ ಕಡೆ ಮಾಡಿಕೊಂಡು ಕೊಕ್ಕೆಗಳ ಧೂಳು ಒರೆಸುತ್ತಾಳೆ. ಒಬ್ಬ ತಾಯಿ ಸುತ್ತಿಬಳಸದೆ ಕೇಳಿಯೇಬಿಟ್ಟಳು, "ಯಾಕೆ, ಟೀಟಿ ಇಸ್ಕೊಳ್ಳಲ್ವಾ? ಏನಾದ್ರೂ ಆಯ್ತಾ?" ಹೊಸ ಟೀಚರ್ ಕೆಂಪಗಾದಳು. ದೊಡ್ಡಮ್ಮ ಒಳಗಿಂದಲೇ, "ಪರೀಕ್ಷೇಲಿ ಫೇಲಾದೆ ಕಣಮ್ಮ. ನವೆಂಬರಿಗೆ ಮತ್ತೆ ಕಟ್ಟಿದೀನಿ" ಅಂದಳು, ಹವಾಮಾನ ಹೇಳುವ ಹಾಗೆ. ಆ ತಾಯಿ ಮಗುವನ್ನು ಕೊಟ್ಟಳು, ಆದರೆ ಮೆಟ್ಟಿಲಿಳಿಯುವಾಗ ತಿರುಗಿ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ದೊಡ್ಡಮ್ಮನನ್ನು ಯಾರೂ ಹಾಗೆ ತಿರುಗಿ ನೋಡಿರಲಿಲ್ಲ.

ಒಂದು ನಿಮಿಷವೂ ಒಬ್ಬಳೇ ಇರುವಂತಿಲ್ಲ ಅನ್ನುವುದು ಕಾಗದದ ಮೇಲೆ ಸಣ್ಣ ಮಾತು. ಹೊಸ ಟೀಚರ್ ಟಾಯ್ಲೆಟ್ಟಿಗೆ ಹೋಗಬೇಕಾದರೆ ಮೇಡಂ ಆಫೀಸು ಬಿಟ್ಟು ಬಂದು ಕಿರ್ ಅನ್ನುವ ಆ ಕುರ್ಚಿಯಲ್ಲಿ ಕೂರಬೇಕು, ಫೋನು ಕಿವಿಗೆ ಇಟ್ಟುಕೊಂಡು, ದೊಡ್ಡಮ್ಮನ ಕಡೆ ನೋಡದ ಹಾಗೆ. ಮೊದಲ ದಿನ ಮೂರು ಸಲ ಹಾಗಾಯಿತು. ಎರಡನೇ ದಿನ ಒಂದು ಸಲ. ಮೂರನೇ ದಿನ ಆಗಲೇ ಇಲ್ಲ. ಮೇಡಂಗೆ ಸಮಾಧಾನವಾಯಿತು, ನನಗೂ ಏನೂ ಅನ್ನಿಸಲಿಲ್ಲ.

ನಾಲ್ಕನೇ ದಿನ ಮಕ್ಕಳು ಮಲಗಿದ ಮೇಲೆ ಹೊಸ ಟೀಚರ್ ಗೋಡೆಗೆ ಒರಗಿ ಕೂತಿದ್ದಳು. ದೊಡ್ಡಮ್ಮ ಬ್ಯಾಗಮ್ಮನ ಹೊದಿಕೆ ಸರಿಮಾಡಿ ಬಂದು ಅವಳ ಎದುರು ಕೂತು, ಹಣೆಯ ಮೇಲೆ ಕೈಯಿಟ್ಟು, ತುಟಿ ನೋಡಿದಳು.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದೆ ಮರಿ?"

"ಕುಡಿದೆ ಟೀಟಿ."

"ಬಾಟ್ಲಿ ತೋರ್ಸು."

ಬಾಟಲಿ ತುಂಬಿತ್ತು. ಮನೆಯಿಂದ ತಂದ ಹಾಗೇ ಇತ್ತು.

"ನಿನ್ನೆ?"

ಹುಡುಗಿ ತಲೆ ತಗ್ಗಿಸಿದಳು. "ನಾನು ಎದ್ದು ಹೋದಾಗೆಲ್ಲ ಅವರು ಬಂದು ಕೂರ್ತಾರಲ್ಲ. ನಿಮ್ಮನ್ನ ಕಾಯೋಕೆ ಬಂದ ಹಾಗೆ. ನನಗೆ ನೋಡೋಕಾಗಲ್ಲ."

"ಅದಕ್ಕೆ ನೀರು ಬಿಟ್ಯಾ?"

"ನವೆಂಬರ್ ತನಕ ತಾನೇ."

"ನವೆಂಬರ್ ತನಕ ನಿನ್ನ ಕಿಡ್ನಿ ಇರತ್ತಾ? ಇವಳ ತಂಗಿ..." ಅಂತ ನನ್ನ ಕಡೆ ತೋರಿಸಲು ಹೋಗಿ, ತಪ್ಪಿತು ಅಂತ ತಿದ್ದಿಕೊಂಡು, "ಇವಳಮ್ಮ, ನನ್ನ ತಂಗಿ, ಲ್ಯಾಬಲ್ಲಿ ಇರೋದು. ಅವಳ ಕೈಗೆ ಸಿಕ್ಕಿದ್ರೆ ಬೈದು ಉಪ್ಪಿನಕಾಯಿ ಹಾಕ್ತಾಳೆ. ಕುಡಿ."

ಅರ್ಧ ಬಾಟಲಿ ಕುಡಿಸಿದಳು, ಪಕ್ಕದಲ್ಲೇ ಕೂತು, ಔಷಧ ಕುಡಿಸುವ ಹಾಗೆ ಗುಟುಕು ಗುಟುಕಾಗಿ. "ಹೋಗಿ ಬಾ ಈಗ. ದಿನಕ್ಕೆ ನಾಲ್ಕು ಸಲ ಹೋಗ್ಬೇಕು. ನಾನು ಲೆಕ್ಕ ಇಡ್ತೀನಿ."

"ಮೇಡಂನ ಕರೀಬೇಕಾಗತ್ತೆ ಟೀಟಿ."

"ಕರೆಯೋಣ. ಅದಕ್ಕೇನಂತೆ."

ಹುಡುಗಿ ಎದ್ದಳು, ಆದರೆ ಬಾಗಿಲು ದಾಟಲು ಕಾಲು ಬರಲಿಲ್ಲ, ಹೊಸ್ತಿಲಲ್ಲಿ ನಿಂತುಬಿಟ್ಟಳು. ಮಲಗಿದ್ದ ಹದಿನಾಲ್ಕು ಮಕ್ಕಳ ನಡುವೆ ಕಾಲಿಡಲು ಜಾಗ ನೋಡಿಕೊಳ್ಳುತ್ತ ದೊಡ್ಡಮ್ಮ ತಾನೇ ಬಾಗಿಲವರೆಗೆ ಹೋದಳು, ಅವಳನ್ನು ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು, ಮಕ್ಕಳು ಏಳದಷ್ಟು ತಗ್ಗಿದ ದನಿಯಲ್ಲಿ, ಆಫೀಸಿಗೆ ಕೇಳುವಷ್ಟು ಸ್ಪಷ್ಟವಾಗಿ ಕೂಗಿದಳು.

"ಮೇಡಂ, ಬನ್ನಿ. ನಾನು ಒಬ್ಬಳೇ ಆಗ್ತೀನಿ."